ಕೂರಲಾಗದ ರೋಗಿ: ಅಕಥೀಸಿಯಾವನ್ನು ರೋಗದ ಉದ್ರೇಕವೆಂದು ಬಗೆದ ಒಂದು ಪ್ರಕರಣ ಅಧ್ಯಯನ

ಮನೋರೋಗ ಶುಶ್ರೂಷೆಯ ಪರವಾನಗಿ ಪರೀಕ್ಷೆಗೆ ಓದುವ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿಗೆ ಅಕಥೀಸಿಯಾದ ವ್ಯಾಖ್ಯೆ ಬಾಯಿಪಾಠವಾಗಿರುತ್ತದೆ. ಭ್ರಮೆ, ಇಲ್ಲದ ದನಿ ಮುಂತಾದವನ್ನು ತಗ್ಗಿಸಲು ಕೊಡುವ ಆಂಟಿಸೈಕಾಟಿಕ್ ಔಷಧದಿಂದ ಉಂಟಾಗುವ, ಒಂದೆಡೆ ಕೂರಲೂ ನಿಲ್ಲಲೂ ಬಿಡದ ಚಡಪಡಿಕೆ ಎಂದು ತಡವರಿಸದೆ ಹೇಳಿಬಿಡುತ್ತಾರೆ. ಆದರೆ ಪ್ರಶ್ನೆಯಲ್ಲಿ ಆ ಹೆಸರನ್ನು ಎತ್ತದೆ, ಔಷಧ ಆರಂಭಿಸಿ ಮೂರನೆಯ ದಿನದ ರೋಗಿಯೊಬ್ಬ ಕಾರಿಡಾರಿನಲ್ಲಿ ಎಡೆಬಿಡದೆ ಓಡಾಡುತ್ತಿದ್ದಾನೆ, ನರ್ಸ್ ಮೊದಲು ಏನು ಮಾಡಬೇಕು ಎಂದಷ್ಟೇ ಕೇಳಿದರೆ, ಅದೇ ವಿದ್ಯಾರ್ಥಿಗಳಲ್ಲಿ ಹಲವರು 'ಆದೇಶದಲ್ಲಿರುವ ಚುಚ್ಚುಮದ್ದು ಕೊಡುವುದು' ಎಂಬ ಉತ್ತರಕ್ಕೆ ಗುರುತು ಹಾಕುತ್ತಾರೆ. ಇಲ್ಲಿ ವಿವರಿಸಿರುವ ಪ್ರಕರಣದಲ್ಲಿ ಅನುಭವವಿದ್ದ ನರ್ಸುಗಳೂ ಒಂದೂವರೆ ದಿನದ ಮಟ್ಟಿಗೆ ಅದೇ ಉತ್ತರವನ್ನು ಆರಿಸಿಕೊಂಡಿದ್ದರು.

ರೋಗಿಯ ಗುರುತು ಸಿಗದಂತೆ ವಯಸ್ಸು, ಕುಟುಂಬದ ವಿವರ ಮತ್ತು ದಾಖಲಾತಿಯ ಸಂದರ್ಭವನ್ನು ಬದಲಿಸಲಾಗಿದೆ. ಆಸ್ಪತ್ರೆಯ ಹೆಸರನ್ನಾಗಲಿ ಸಿಬ್ಬಂದಿಯ ಹೆಸರನ್ನಾಗಲಿ ಕೊಟ್ಟಿಲ್ಲ. ಔಷಧಗಳ ಹೆಸರು, ಪ್ರಮಾಣ ಮತ್ತು ಕೊಟ್ಟ ವೇಳೆಗಳನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಈ ಪ್ರಕರಣದಲ್ಲಿ ಕಲಿಯಬೇಕಾದದ್ದು ಬಹುಮಟ್ಟಿಗೆ ಗಡಿಯಾರದ ಲೆಕ್ಕದಲ್ಲಿಯೇ ಇದೆ.

ಹಿನ್ನೆಲೆ

ರೋಗಿ ಇಪ್ಪತ್ತರ ಹರೆಯದ ಯುವಕ. ಕೆಲವು ವಾರಗಳಿಂದ ನಿದ್ದೆಗೆಟ್ಟಿದ್ದ. ಪಕ್ಕದ ಮನೆಯವರು ತನ್ನ ಮಾತುಗಳನ್ನು ಕದ್ದು ಕೇಳುತ್ತಾರೆ ಎಂಬ ನಂಬಿಕೆ ಅವನಲ್ಲಿ ಬಲವಾಗಿ ಬೇರೂರಿತ್ತು, ಮತ್ತು ತನ್ನ ಪ್ರತಿಯೊಂದು ಕೆಲಸವನ್ನೂ ಟೀಕಿಸುವ ಎರಡು ದನಿಗಳು ಕೇಳಿಸುತ್ತಿದ್ದವು. ಮಾದಕ ವಸ್ತು ಅಥವಾ ಮದ್ಯದ ಬಳಕೆ ಇರಲಿಲ್ಲ. ಹಿಂದೆ ಯಾವುದೇ ಮನೋರೋಗದ ಔಷಧ ಸೇವಿಸಿದ್ದಿಲ್ಲ. ಯಾರ ಮೇಲೂ ಕೈ ಮಾಡಿದ ಇತಿಹಾಸವೂ ಇರಲಿಲ್ಲ. ತಾಯಿ ಮತ್ತು ಅಣ್ಣ ಅವನನ್ನು ಒಪ್ಪಿಸಿ ಕರೆತಂದಿದ್ದರು.

ದಾಖಲಾದ ರಾತ್ರಿ ಅವನು ನಿಜವಾಗಿಯೂ ಉದ್ರಿಕ್ತನಾಗಿದ್ದ. ದನಿಗಳಿಗೆ ಗಟ್ಟಿಯಾಗಿ ಉತ್ತರ ಕೊಡುತ್ತಿದ್ದ, ಹತ್ತಿರ ಬಂದವರನ್ನು ತಳ್ಳುತ್ತಿದ್ದ. ಮಾತಿನಿಂದ ಸಮಾಧಾನಪಡಿಸುವ ಪ್ರಯತ್ನ ಫಲಿಸದೆ ಹೋದಾಗ ಹ್ಯಾಲೊಪೆರಿಡಾಲ್ ಎಂಬ ಆಂಟಿಸೈಕಾಟಿಕ್ 5 ಮಿ.ಗ್ರಾಂ. ಜೊತೆಗೆ ನಿದ್ದೆ ತರಿಸುವ ಪ್ರೊಮೆಥಾಜಿನ್ ಅನ್ನು ಸ್ನಾಯುವಿಗೆ ಚುಚ್ಚಲಾಯಿತು, ಅವನು ನಿದ್ದೆ ಹೋದ. ಮರುದಿನದಿಂದ ಹ್ಯಾಲೊಪೆರಿಡಾಲ್ 5 ಮಿ.ಗ್ರಾಂ. ಮಾತ್ರೆಯನ್ನು ಬೆಳಿಗ್ಗೆ 8ಕ್ಕೆ ಮತ್ತು ರಾತ್ರಿ 8ಕ್ಕೆ ಕೊಡಬೇಕೆಂದು ಆದೇಶವಾಯಿತು. ಅದರ ಕೆಳಗೆ ಒಂದು ಪಿ.ಆರ್.ಎನ್. (ಅಗತ್ಯವಿದ್ದಾಗ ಮಾತ್ರ ಕೊಡುವ) ಆದೇಶವಿತ್ತು: ರೋಗಿ ಉದ್ರಿಕ್ತನಾದರೆ ಹ್ಯಾಲೊಪೆರಿಡಾಲ್ 5 ಮಿ.ಗ್ರಾಂ. ಸ್ನಾಯುವಿಗೆ. ಉದ್ರಿಕ್ತನೆಂದರೆ ಯಾವ ಲಕ್ಷಣ, ದಿನಕ್ಕೆ ಗರಿಷ್ಠ ಎಷ್ಟು ಸಲ, ಎರಡು ಚುಚ್ಚುಮದ್ದುಗಳ ನಡುವೆ ಎಷ್ಟು ಅಂತರ, ಕೊಡುವ ಮುನ್ನ ಏನನ್ನು ಪರೀಕ್ಷಿಸಬೇಕು ಎಂಬ ಯಾವ ವಿವರವೂ ಅದರಲ್ಲಿ ಇರಲಿಲ್ಲ. ಅಗತ್ಯವಿದ್ದರೆ ಕೊಡಿ ಎಂಬ ಆದೇಶ ಬಂದಾಗ ಅಗತ್ಯವಿದೆಯೇ ಎಂದು ತೀರ್ಮಾನಿಸುವ ಹೊಣೆ ನರ್ಸಿನ ಮೇಲೆ ಬೀಳುತ್ತದೆ. ಆದ್ದರಿಂದ ಇಂತಹ ಆದೇಶದ ಬಗ್ಗೆ ವೈದ್ಯರಿಂದ ಸ್ಪಷ್ಟನೆ ಕೇಳುವುದು ಕರ್ತವ್ಯದ ಭಾಗವೇ ಹೊರತು ಅಧಿಕಪ್ರಸಂಗವಲ್ಲ. ಆ ಸ್ಪಷ್ಟನೆಯನ್ನು ಇಲ್ಲಿ ಯಾರೂ ಕೇಳಲಿಲ್ಲ.

ಇನ್ನೊಂದು ಅಂಶವನ್ನು ಇಲ್ಲಿಯೇ ಹೇಳಬೇಕು. ಮೊದಲ ಬಾರಿ ವಾಸ್ತವದ ಅರಿವು ತಪ್ಪುವ ಸೈಕೋಸಿಸ್‌ಗೆ ಒಳಗಾದ, ಹಿಂದೆ ಆಂಟಿಸೈಕಾಟಿಕ್ ಔಷಧವನ್ನೇ ಕಾಣದ ಯುವಕರಲ್ಲಿ ಚಲನೆಗೆ ಸಂಬಂಧಿಸಿದ ಅಡ್ಡಪರಿಣಾಮಗಳು ಬೇಗ ಕಾಣಿಸಿಕೊಳ್ಳುತ್ತವೆ. ಮಿದುಳಿನಲ್ಲಿ ಡೋಪಮಿನ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ಸ್ವೀಕರಿಸುವ ಡಿ2 ಗ್ರಾಹಕಗಳಲ್ಲಿ ಸುಮಾರು 65 ಪ್ರತಿಶತ ಔಷಧದಿಂದ ಆವೃತವಾದಾಗ ರೋಗಲಕ್ಷಣ ತಗ್ಗುವ ಸಂಭವ ಹೆಚ್ಚುತ್ತದೆ. ಈ ಪ್ರಮಾಣ 80 ಪ್ರತಿಶತದ ಸಮೀಪಕ್ಕೆ ಬಂದರೆ ಲಾಭಕ್ಕಿಂತ ಸ್ನಾಯುಬಿಗಿತ ಮತ್ತು ಅಕಥೀಸಿಯಾದ ಸಂಭವವೇ ಮುಂದಾಗುತ್ತದೆ. ಹ್ಯಾಲೊಪೆರಿಡಾಲ್‌ನಂತಹ ಪ್ರಬಲ ಔಷಧದಲ್ಲಿ ಈ ಎರಡು ಮಟ್ಟಗಳ ನಡುವಿನ ಜಾಗ ಕಿರಿದಾದದ್ದು, ಕೆಲವೇ ಮಿಲಿಗ್ರಾಂ ಹೆಚ್ಚಾದರೂ ಗಡಿ ದಾಟುತ್ತದೆ.

ಸಮಸ್ಯೆ ಮತ್ತು ಮೊದಲ ಪ್ರಯತ್ನಗಳು

ಎರಡನೆಯ ದಿನ ಅವನು ಶಾಂತವಾಗಿದ್ದ, ಊಟ ಮಾಡಿದ, ಮಾತನಾಡಿಸಿದರೆ ಉತ್ತರಿಸಿದ. ಮೂರನೆಯ ದಿನ ಮಧ್ಯಾಹ್ನದಿಂದ ಕಾರಿಡಾರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಲಾರಂಭಿಸಿದ. ಹಾಸಿಗೆಯ ಮೇಲೆ ಕೂರಿಸಿದರೆ ಒಂದೆರಡು ನಿಮಿಷಕ್ಕೇ ಎದ್ದು ನಿಲ್ಲುತ್ತಿದ್ದ. ಗುಂಪು ಚಟುವಟಿಕೆಗೆ ಕರೆದಾಗ ಬಂದು ಕುಳಿತ, ಕಾಲಿನ ಮೇಲೆ ಕಾಲು ಹಾಕಿದ, ತೆಗೆದ, ಮತ್ತೆ ಹಾಕಿದ, ನಂತರ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಹೊರನಡೆದ. ನರ್ಸಿಂಗ್ ನೋಟ್ಸ್‌ನಲ್ಲಿ ಆ ದಿನ ದಾಖಲಾದ ವಾಕ್ಯ: 'ರೋಗಿ ಅಶಾಂತನಾಗಿದ್ದಾನೆ, ಚಟುವಟಿಕೆಯಲ್ಲಿ ಸಹಕರಿಸುತ್ತಿಲ್ಲ.'

ಸಿಬ್ಬಂದಿ ನೇರವಾಗಿ ಸೂಜಿಗೆ ಕೈ ಹಾಕಲಿಲ್ಲ. ಗದ್ದಲ ಕಡಿಮೆ ಇರುವ ಕೋಣೆಗೆ ಅವನನ್ನು ಬದಲಿಸಿದರು, ಭೇಟಿಗೆ ಬರುವವರ ಸಂಖ್ಯೆಯನ್ನು ಇಳಿಸಿದರು, ಮೃದುವಾಗಿ ಮಾತನಾಡಿ ಕುಳಿತುಕೊಳ್ಳುವಂತೆ ಹಲವು ಸಲ ಕೇಳಿಕೊಂಡರು. ರೋಗದ ಉದ್ರೇಕಕ್ಕೆ ಇವೆಲ್ಲ ತಕ್ಕ ಕ್ರಮಗಳೇ. ಆದರೆ ಕೂರಲಾಗದಿರುವುದೇ ತೊಂದರೆಯಾಗಿರುವವನಿಗೆ ಕುಳಿತುಕೊಳ್ಳಿ ಎಂದು ಪದೇ ಪದೇ ಹೇಳುವುದರಿಂದ ಆಗುವುದು ಒಂದೇ, ತನ್ನ ಮಾತು ಇವರಿಗೆ ತಿಳಿಯುವುದಿಲ್ಲ ಎಂಬ ಭಾವನೆ ಅವನಲ್ಲಿ ಗಟ್ಟಿಯಾಗುತ್ತದೆ. ಸಂಜೆ 4 ಗಂಟೆಗೆ ಪಿ.ಆರ್.ಎನ್. ಚುಚ್ಚುಮದ್ದು ಕೊಡಲಾಯಿತು, ಈ ಬಾರಿ ಪ್ರೊಮೆಥಾಜಿನ್ ಇಲ್ಲದೆ. ಸುಮಾರು ಒಂದು ತಾಸು ಮಂಪರಿನಲ್ಲಿ ಮಲಗಿದ್ದವನು ಎದ್ದು ಮೊದಲಿಗಿಂತ ವೇಗವಾಗಿ ನಡೆಯತೊಡಗಿದ. ರಾತ್ರಿ 8ಕ್ಕೆ ಮಾತ್ರೆ, 10ಕ್ಕೆ ಎರಡನೆಯ ಚುಚ್ಚುಮದ್ದು. ನಾಲ್ಕನೆಯ ದಿನ ಬೆಳಿಗ್ಗೆ 8ಕ್ಕೆ ಮಾತ್ರೆ, ತಿಂಡಿಯನ್ನು ನಿಂತೇ ತಿಂದ, ಹೊರಬಾಗಿಲಿನ ಚಿಲಕವನ್ನು ಎರಡು ಸಲ ಎಳೆದ. 11ಕ್ಕೆ ಮೂರನೆಯ ಚುಚ್ಚುಮದ್ದು. ಸಂಜೆಯ ಪಾಳಿ ಮುಗಿಯುವ ಹೊತ್ತಿಗೆ 'ರೋಗಿಯ ಸ್ಥಿತಿ ಹದಗೆಡುತ್ತಿದೆ, ತಪ್ಪಿಸಿಕೊಳ್ಳುವ ಅಪಾಯವಿದೆ, ದೈಹಿಕ ನಿರ್ಬಂಧ ಬೇಕಾಗಬಹುದು' ಎಂಬ ಮಾಹಿತಿಯೊಂದಿಗೆ ಅವನನ್ನು ರಾತ್ರಿ ಪಾಳಿಗೆ ಒಪ್ಪಿಸಲಾಯಿತು.

ಪ್ರತಿ ಪಾಳಿಯವರೂ ತಮ್ಮ ಕಣ್ಣೆದುರಿನ ಎಂಟು ತಾಸನ್ನು ನೋಡಿ ತೀರ್ಮಾನ ಮಾಡಿದ್ದರು, ಮತ್ತು ಪ್ರತಿಯೊಂದು ತೀರ್ಮಾನಕ್ಕೂ ಅದರದೇ ಸಮರ್ಥನೆ ಇತ್ತು. ಮೂರೂ ಪಾಳಿಗಳ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಕಾಣುವ ಸಂಗತಿಯೆಂದರೆ, ಮೂರನೆಯ ದಿನ ಸಂಜೆ 4ರಿಂದ ನಾಲ್ಕನೆಯ ದಿನ ಸಂಜೆ 4ರವರೆಗಿನ 24 ತಾಸುಗಳಲ್ಲಿ ಈ ಯುವಕನ ದೇಹಕ್ಕೆ 25 ಮಿ.ಗ್ರಾಂ. ಹ್ಯಾಲೊಪೆರಿಡಾಲ್ ಸೇರಿತ್ತು.

ತಿರುವು

ರಾತ್ರಿ ಪಾಳಿಗೆ ಬಂದ ಸ್ಟಾಫ್ ನರ್ಸ್ ಮಾಡಿದ ಮೊದಲ ಕೆಲಸ ಬಹಳ ಸಾಮಾನ್ಯವಾದದ್ದು. ಅವರು ರೋಗಿಯನ್ನು ಕರೆದು ಕೂರಿಸಲಿಲ್ಲ, ಅವನ ಜೊತೆ ಕಾರಿಡಾರಿನಲ್ಲಿ ಹೆಜ್ಜೆ ಹಾಕಿದರು. ನಡೆಯುತ್ತಲೇ ಕೇಳಿದರು: "ನಡೆಯೋದನ್ನ ನಿಲ್ಲಿಸಿದ್ರೆ ನಿಮಗೆ ಏನಾಗುತ್ತೆ?"

ಅವನ ಉತ್ತರವನ್ನು ಅವರು ನೋಟ್ಸ್‌ನಲ್ಲಿ ಅವನ ಮಾತಿನಲ್ಲಿಯೇ ಬರೆದುಕೊಂಡಿದ್ದಾರೆ. "ಕಾಲೊಳಗೆ ಏನೋ ಹರಿದಾಡಿದ ಹಾಗೆ ಆಗುತ್ತೆ ಸಿಸ್ಟರ್. ನಡೆದ್ರೆ ಸ್ವಲ್ಪ ತಡ್ಕೋಬಹುದು. ಕೂತ್ರೆ ಚರ್ಮ ಬಿಟ್ಟು ಹೊರಗೆ ಹೋಗ್ಬೇಕು ಅನ್ಸುತ್ತೆ." ದನಿಗಳ ಬಗ್ಗೆ ಕೇಳಿದಾಗ, "ಅವು ಈಗ ಕಮ್ಮಿ ಆಗಿವೆ, ದೂರದಲ್ಲಿ ಮಾತಾಡಿದ ಹಾಗೆ. ಇದು ಅದಲ್ಲ," ಎಂದ. ಬಾಗಿಲಿನ ಚಿಲಕ ಎಳೆದದ್ದು ಏಕೆ ಎಂಬುದಕ್ಕೂ ನೇರ ಉತ್ತರ ಸಿಕ್ಕಿತು: ಹೊರಗೆ ನಡೆಯಲು ಜಾಗ ಹೆಚ್ಚಿದೆ.

ಇಡೀ ಪ್ರಕರಣದ ಕೀಲಿ ಈ ಉತ್ತರಗಳಲ್ಲಿದೆ. ರೋಗ ಉಲ್ಬಣಿಸಿದ್ದರೆ ಚಡಪಡಿಕೆಯ ಜೊತೆಗೆ ದನಿಗಳೂ ಸಂಶಯವೂ ಏರಬೇಕಿತ್ತು. ಇಲ್ಲಿ ದನಿಗಳು ಇಳಿದಿದ್ದವು, ಚಡಪಡಿಕೆ ಏರಿತ್ತು. ಎರಡು ಲಕ್ಷಣಗಳು ಎದುರುಬದುರು ದಿಕ್ಕಿಗೆ ಸಾಗುತ್ತಿರುವಾಗ ಎರಡಕ್ಕೂ ಒಂದೇ ಕಾರಣ ಇರುವ ಸಾಧ್ಯತೆ ಕಡಿಮೆ. ಇದನ್ನು ತಿಳಿಯಲು ರಕ್ತಪರೀಕ್ಷೆ ಬೇಕಿರಲಿಲ್ಲ, ಆದರೆ ಎರಡನೆಯ ದಿನದ ನಂತರ ನೋಟ್ಸ್‌ನಲ್ಲಿ ದನಿಗಳ ಪ್ರಸ್ತಾಪವನ್ನೇ ಯಾರೂ ಮಾಡಿರಲಿಲ್ಲ. ಇನ್ನು 'ಏಕೆ ಹೀಗೆ ಓಡಾಡುತ್ತೀರಿ' ಎಂದು ಕೇಳಿದ್ದರೆ ಅದು ಆಕ್ಷೇಪಣೆಯಂತೆ ಕೇಳಿಸಿ, ಅವನು ಸಮರ್ಥನೆ ಕೊಡಲು ತೊಡಗುತ್ತಿದ್ದ ಅಥವಾ ಸುಮ್ಮನಾಗುತ್ತಿದ್ದ. ಅನುಭವವನ್ನು ಬಿಡಿಸಿ ಹೇಳಲು ಅವಕಾಶ ಕೊಡುವ ಪ್ರಶ್ನೆಗೂ ಕಾರಣ ಕೇಳುವ ಪ್ರಶ್ನೆಗೂ ಪರೀಕ್ಷೆಯಲ್ಲಿ ಒಂದಂಕದ ವ್ಯತ್ಯಾಸವಾದರೆ, ಈ ವಾರ್ಡಿನಲ್ಲಿ ಮುಂದಿನ ಚುಚ್ಚುಮದ್ದಿನಷ್ಟು ವ್ಯತ್ಯಾಸವಿತ್ತು.

ನಂತರ ಅವನು ತಾನಾಗಿಯೇ ಒಂದು ಮಾತು ಸೇರಿಸಿದ: "ಇದು ಹೀಗೇ ಇರುತ್ತೆ ಅಂದ್ರೆ ನಂಗೆ ಬೇಡ." ನರ್ಸ್ ಆ ಮಾತನ್ನು ಹಾರಿಸಿ ಮುಂದೆ ಹೋಗಲಿಲ್ಲ. ಸಾಯಬೇಕು ಅನ್ನಿಸುತ್ತಿದೆಯೇ, ಹೇಗೆ ಎಂದು ಯೋಚಿಸಿದ್ದೀರಾ ಎಂದು ನೇರವಾಗಿ ಕೇಳಿದರು. ಯೋಜನೆಯೇನೂ ಇರಲಿಲ್ಲ, ಆದರೆ ಆ ಆಲೋಚನೆ ಅದೇ ಮಧ್ಯಾಹ್ನದಿಂದ ಬಂದು ಹೋಗುತ್ತಿತ್ತು. ಆತ್ಮಹತ್ಯೆಯ ಬಗ್ಗೆ ನೇರವಾಗಿ ಕೇಳಿದರೆ ಇಲ್ಲದ ಆಲೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಇಂದಿಗೂ ವಿದ್ಯಾರ್ಥಿಗಳಲ್ಲಿದೆ. ಅದಕ್ಕೆ ಆಧಾರವಿಲ್ಲ. ಅಕಥೀಸಿಯಾದ ಯಾತನೆ ಆತ್ಮಹತ್ಯೆಯ ಆಲೋಚನೆಗೆ ದಾರಿಯಾಗಬಲ್ಲದು ಎಂಬುದನ್ನು ತಿಳಿದವರು ಇದನ್ನು ಕೇಳದೆ ಬಿಡಲಾರರು. ಅಂದಿನಿಂದಲೇ ಅವನನ್ನು ಒಬ್ಬರ ನಿರಂತರ ನಿಗಾದಲ್ಲಿ ಇರಿಸಲಾಯಿತು.

ಮುಂದಿನ ಅರ್ಧ ತಾಸಿನಲ್ಲಿ ಅವರು ಮಾಡಿದ್ದು ವ್ಯವಸ್ಥಿತ ಪರೀಕ್ಷೆ. 1989ರಲ್ಲಿ ಪ್ರಕಟವಾದ ಬಾರ್ನ್ಸ್ ಅಕಥೀಸಿಯಾ ಮಾಪಕದ ಕ್ರಮದಂತೆ ರೋಗಿಯನ್ನು ಎರಡು ನಿಮಿಷ ಕೂರಿಸಿ, ಎರಡು ನಿಮಿಷ ನಿಲ್ಲಿಸಿ, ಸಹಜವಾಗಿ ಮಾತನಾಡುತ್ತಲೇ ಗಮನಿಸಿದರು. ಕುಳಿತಾಗ ಎರಡೂ ಪಾದಗಳು ನೆಲವನ್ನು ತಟ್ಟುತ್ತಿದ್ದವು. ನಿಂತಾಗ ದೇಹದ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಬಿಡುವಿಲ್ಲದೆ ಬದಲಾಗುತ್ತಿತ್ತು. ಈ ಮಾಪಕದಲ್ಲಿ ಕಣ್ಣಿಗೆ ಕಾಣುವ ಚಲನೆಗೆ ಒಂದು ಅಂಕ, ಒಳಗಿನ ಚಡಪಡಿಕೆಯ ಅರಿವಿಗೆ ಒಂದು, ಅದರಿಂದಾಗುವ ಸಂಕಟಕ್ಕೆ ಒಂದು, ಒಟ್ಟಾರೆ ತೀವ್ರತೆಗೆ ಇನ್ನೊಂದು ಅಂಕ ಪ್ರತ್ಯೇಕವಾಗಿ ಇರುತ್ತವೆ. ಕಣ್ಣಿಗೆ ಕಾಣುವುದಷ್ಟೇ ಸಾಲದು, ರೋಗಿಯ ಮಾತೂ ಅಳತೆಯ ಭಾಗ ಎಂಬುದು ಇದರ ರಚನೆಯಲ್ಲಿಯೇ ಇದೆ.

ಅಲ್ಲಿಗೆ ನಿಲ್ಲಿಸದೆ ಅವರು ಇದಕ್ಕಿಂತ ಅಪಾಯಕಾರಿಯಾದ ಇನ್ನೊಂದು ಸ್ಥಿತಿಯನ್ನು ತಳ್ಳಿಹಾಕಬೇಕಿತ್ತು. ಪ್ರಬಲ ಆಂಟಿಸೈಕಾಟಿಕ್ ಔಷಧವನ್ನು ಪದೇ ಪದೇ ಸ್ನಾಯುವಿಗೆ ಪಡೆದ ರೋಗಿಯಲ್ಲಿ ಜ್ವರ, ಸೀಸದ ಕೊಳವೆಯಂತೆ ಬಗ್ಗದ ಸ್ನಾಯುಬಿಗಿತ, ಏರಿಳಿಯುವ ರಕ್ತದೊತ್ತಡ, ವೇಗದ ನಾಡಿ, ಬೆವರು ಮತ್ತು ಮಂಕುಗವಿದ ಪ್ರಜ್ಞೆ ಕಂಡರೆ ಅದು ನ್ಯೂರೋಲೆಪ್ಟಿಕ್ ಮ್ಯಾಲಿಗ್ನೆಂಟ್ ಸಿಂಡ್ರೋಮ್ ಆಗಿರಬಹುದು. ಆಗ ಔಷಧವನ್ನು ತಕ್ಷಣ ನಿಲ್ಲಿಸಿ ತುರ್ತು ಚಿಕಿತ್ಸೆಗೆ ಕಳಿಸಬೇಕು, ಮಾಪಕ ತುಂಬುತ್ತ ಕೂರಬಾರದು. ಈ ರೋಗಿಯ ತಾಪಮಾನ 37.1 ಡಿಗ್ರಿ ಸೆಲ್ಸಿಯಸ್, ನಾಡಿ 96, ರಕ್ತದೊತ್ತಡ 124/80. ಸಮಯ, ಸ್ಥಳ, ವ್ಯಕ್ತಿಗಳ ಅರಿವು ಸರಿಯಾಗಿತ್ತು. ಮಣಿಕಟ್ಟನ್ನು ಬಗ್ಗಿಸಿದಾಗ ಅಲ್ಪ ಬಿಗಿತವಿತ್ತು, ಕೈಬೆರಳುಗಳಲ್ಲಿ ಸಣ್ಣ ನಡುಕವಿತ್ತು. ಕುತ್ತಿಗೆ ತಿರುಚಿರಲಿಲ್ಲ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿರಲಿಲ್ಲ, ನುಂಗಲು ಅಥವಾ ಉಸಿರಾಡಲು ತೊಂದರೆ ಇರಲಿಲ್ಲ.

ಕರ್ತವ್ಯದಲ್ಲಿದ್ದ ವೈದ್ಯರಿಗೆ ಮಾಡಿದ ಕರೆಯನ್ನು ಗಮನಿಸಬೇಕು. 'ರೋಗಿ ತುಂಬಾ ಅಶಾಂತನಾಗಿದ್ದಾನೆ, ಏನು ಮಾಡಲಿ' ಎಂದು ಅವರು ಕೇಳಿದ್ದರೆ, ಉತ್ತರ ಇನ್ನೊಂದು ಶಮನಕಾರಿ ಔಷಧವೇ ಆಗಿರುತ್ತಿತ್ತು ಎಂದು ನನ್ನ ಅನಿಸಿಕೆ. ಅವರು ಎಸ್‌ಬಿಎಆರ್ ಕ್ರಮದಲ್ಲಿ, ಅಂದರೆ ಸದ್ಯದ ಸ್ಥಿತಿ, ಹಿನ್ನೆಲೆ, ತಮ್ಮ ಅಂದಾಜು, ಮತ್ತು ಏನು ಬೇಕು ಎಂಬ ಅನುಕ್ರಮದಲ್ಲಿ ಹೇಳಿದರು. "ಡಾಕ್ಟರ್, ರೋಗಿಗೆ ಕೂರೋಕೆ ಆಗ್ತಿಲ್ಲ, ಕಾಲಿನ ಒಳಗೆ ತಡೆಯಲಾಗದ ಚಡಪಡಿಕೆ ಅಂತಿದ್ದಾರೆ. ಹಿಂದೆಂದೂ ಆಂಟಿಸೈಕಾಟಿಕ್ ತಗೊಂಡವರಲ್ಲ, ಇವತ್ತು ಸಂಜೆ 4ಕ್ಕೆ ಮುಗಿದ 24 ತಾಸಲ್ಲಿ 25 ಮಿಲಿಗ್ರಾಂ ಹ್ಯಾಲೊಪೆರಿಡಾಲ್ ಹೋಗಿದೆ, ಪ್ರತಿ ಇಂಜೆಕ್ಷನ್ ಆದ ಮೇಲೂ ಹೆಚ್ಚಾಗಿದೆ. ದನಿಗಳು ಕಮ್ಮಿ ಆಗಿವೆ. ಜ್ವರ ಇಲ್ಲ. ನನಗೆ ಇದು ಅಕಥೀಸಿಯಾ ಅನ್ಸುತ್ತೆ. ಸಾಯುವ ಆಲೋಚನೆ ಬರ್ತಿದೆ ಅಂದಿದ್ದಾರೆ. ಇಂಜೆಕ್ಷನ್ನೂ ರಾತ್ರಿಯ ಮಾತ್ರೆಯೂ ತಡೆಹಿಡಿದಿದ್ದೇನೆ, ನೀವು ಬಂದು ನೋಡಬೇಕು."

ವೈದ್ಯರು ಒಡನೆ ಒಪ್ಪಲಿಲ್ಲ. ರೋಗ ಉಲ್ಬಣಿಸಿರಬಹುದಲ್ಲವೇ ಎಂದು ಕೇಳಿದರು. ಅದು ಸಕಾರಣವಾದ ಪ್ರಶ್ನೆಯೇ. ದನಿಗಳು ಇಳಿದಿರುವುದು ಮತ್ತು ಚುಚ್ಚುಮದ್ದುಗಳ ವೇಳೆ, ಈ ಎರಡು ಅಂಶಗಳೇ ಉತ್ತರವಾದವು. ದೈಹಿಕ ನಿರ್ಬಂಧದ ಮಾತು ಆ ರಾತ್ರಿ ಮತ್ತೆ ಬರಲಿಲ್ಲ. ಓಡಾಡುವುದೊಂದೇ ಸಂಕಟವನ್ನು ತಗ್ಗಿಸುತ್ತಿದ್ದವನ ಕೈಕಾಲು ಕಟ್ಟಿದ್ದರೆ ಏನಾಗುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಿಕಿತ್ಸೆ ಸಾಗಿದ ಬಗೆ

ಪರಿಹಾರ ಒಂದೇ ಹೆಜ್ಜೆಯಲ್ಲಿ ಸಿಗಲಿಲ್ಲ. ಅಂದು ರಾತ್ರಿ ಬಿಗಿತ ಮತ್ತು ನಡುಕವನ್ನು ತಗ್ಗಿಸುವ ಆಂಟಿಕೋಲಿನರ್ಜಿಕ್ ಔಷಧವಾದ ಟ್ರೈಹೆಕ್ಸಿಫೆನಿಡಿಲ್ 2 ಮಿ.ಗ್ರಾಂ. ಮತ್ತು ಆತಂಕ ತಗ್ಗಿಸುವ ಲೊರಾಜೆಪಾಮ್ 1 ಮಿ.ಗ್ರಾಂ. ಬಾಯಿಯ ಮೂಲಕ ಕೊಡಲಾಯಿತು. ರೋಗಿ ಕೆಲವು ತಾಸು ನಿದ್ರಿಸಿದ. ಬೆಳಿಗ್ಗೆ ಮಣಿಕಟ್ಟಿನ ಬಿಗಿತವೂ ಬೆರಳಿನ ನಡುಕವೂ ಇಳಿದಿದ್ದವು, ಆದರೆ ಕಾಲುಗಳ ಚಡಪಡಿಕೆ ಬಹುತೇಕ ಹಾಗೆಯೇ ಇತ್ತು. ಔಷಧಶಾಸ್ತ್ರದ ಪುಸ್ತಕದಲ್ಲಿ ಒಂದೇ ಪಟ್ಟಿಯಲ್ಲಿ ಸೇರಿಸಿ ಓದುವ ನಾಲ್ಕು ಸ್ಥಿತಿಗಳು ಇಲ್ಲಿ ಬೇರೆಬೇರೆಯಾಗಿ ವರ್ತಿಸುವುದನ್ನು ಕಾಣಬಹುದು. ತೀವ್ರ ಡಿಸ್ಟೋನಿಯಾ (ಸ್ನಾಯುಗಳು ಹಠಾತ್ತನೆ ಸೆಟೆದು ತಿರುಚಿಕೊಳ್ಳುವುದು) ಮತ್ತು ಔಷಧಜನ್ಯ ಪಾರ್ಕಿನ್ಸನಿಸಂ (ಬಿಗಿತ, ನಡುಕ) ಆಂಟಿಕೋಲಿನರ್ಜಿಕ್ ಔಷಧಗಳಿಗೆ ಚೆನ್ನಾಗಿ ಮಣಿಯುತ್ತವೆ. ಅಕಥೀಸಿಯಾ ಅಷ್ಟಾಗಿ ಮಣಿಯುವುದಿಲ್ಲ, ಅದಕ್ಕೆ ಮೊದಲ ಮದ್ದು ಕಾರಣವಾದ ಔಷಧದ ಪ್ರಮಾಣ ಇಳಿಸುವುದು ಅಥವಾ ಔಷಧವನ್ನೇ ಬದಲಿಸುವುದು, ಜೊತೆಗೆ ಪ್ರೊಪ್ರನೊಲಾಲ್‌ನಂತಹ ಬೀಟಾ ತಡೆಕಾರಕ. ಬಾಯಿ, ನಾಲಿಗೆ ಮುಂತಾದವು ತಾವಾಗಿಯೇ ಚಲಿಸುತ್ತಿರುವ ಟಾರ್ಡೈವ್ ಡಿಸ್ಕೈನೇಸಿಯಾವಂತೂ ಆಂಟಿಕೋಲಿನರ್ಜಿಕ್‌ನಿಂದ ಹೆಚ್ಚಾಗಲೂಬಹುದು. ಕಾಲಮಾನವೂ ಬೇರೆ: ಡಿಸ್ಟೋನಿಯಾ ತಾಸುಗಳಿಂದ ಕೆಲವು ದಿನಗಳೊಳಗೆ, ಅಕಥೀಸಿಯಾ ದಿನಗಳಿಂದ ವಾರಗಳಲ್ಲಿ, ಪಾರ್ಕಿನ್ಸನಿಸಂ ವಾರಗಳಲ್ಲಿ, ಟಾರ್ಡೈವ್ ಡಿಸ್ಕೈನೇಸಿಯಾ ತಿಂಗಳುಗಳು ಅಥವಾ ವರ್ಷಗಳ ನಂತರ. ಪ್ರಶ್ನೆಯಲ್ಲಿ 'ಔಷಧ ಆರಂಭಿಸಿ ಇಷ್ಟು ದಿನ' ಎಂಬ ಅಂಕಿ ಇದ್ದರೆ ಅದು ಅಲಂಕಾರಕ್ಕೆ ಇರುವುದಿಲ್ಲ.

ಐದನೆಯ ದಿನ ಮನೋವೈದ್ಯರು ಹ್ಯಾಲೊಪೆರಿಡಾಲ್ ಚುಚ್ಚುಮದ್ದಿನ ಆದೇಶವನ್ನು ರದ್ದುಪಡಿಸಿ, ಮಾತ್ರೆಯನ್ನು ರಾತ್ರಿ 2.5 ಮಿ.ಗ್ರಾಂ.ಗೆ ಇಳಿಸಿ, ಪ್ರೊಪ್ರನೊಲಾಲ್ 10 ಮಿ.ಗ್ರಾಂ. ಅನ್ನು ದಿನಕ್ಕೆ ಮೂರು ಸಲ ಆರಂಭಿಸಿದರು. ಆದೇಶ ಬಂದೊಡನೆ ನರ್ಸ್ ರೋಗಿಯನ್ನೂ ತಾಯಿಯನ್ನೂ ಆಸ್ತಮಾ ಇದೆಯೇ ಎಂದು ಮತ್ತೊಮ್ಮೆ ಕೇಳಿದರು, ಏಕೆಂದರೆ ಪ್ರೊಪ್ರನೊಲಾಲ್ ಶ್ವಾಸನಾಳಗಳನ್ನು ಕುಗ್ಗಿಸಬಲ್ಲದು. ಮಧುಮೇಹಕ್ಕೆ ಇನ್ಸುಲಿನ್ ಪಡೆಯುವವರಲ್ಲಿ ಸಕ್ಕರೆ ಕುಸಿದಾಗ ಎಚ್ಚರಿಸುವ ಎದೆಬಡಿತವನ್ನು ಅದು ಮರೆಮಾಡುತ್ತದೆ ಎಂಬುದನ್ನೂ ಕೇಳಬೇಕಾದ ಪಟ್ಟಿಗೆ ಸೇರಿಸಬೇಕು. ಪ್ರತಿ ಮಾತ್ರೆಗೂ ಮೊದಲು ನಾಡಿ ಮತ್ತು ರಕ್ತದೊತ್ತಡ ನೋಡುವ ಕ್ರಮ ಶುರುವಾಯಿತು. ಆರನೆಯ ದಿನ ಸಂಜೆ ಅವನು ಮೊದಲ ಬಾರಿಗೆ ಕುಳಿತು ಊಟ ಮುಗಿಸಿದ. ಸಾಯುವ ಆಲೋಚನೆ ಬರುತ್ತಿಲ್ಲ ಎಂದು ತಾನಾಗಿಯೇ ಹೇಳಿದ. ಆದರೂ ನಿರಂತರ ನಿಗಾವನ್ನು ಆ ಒಂದು ಮಾತಿನ ಆಧಾರದ ಮೇಲೆ ತೆಗೆಯಲಿಲ್ಲ, ಮರುಮೌಲ್ಯಮಾಪನದ ನಂತರವೇ ಸಡಿಲಿಸಲಾಯಿತು.

ಅದೇ ರಾತ್ರಿ ಇನ್ನೊಂದು ತೊಡಕು ಎದುರಾಯಿತು. ಮಾತ್ರೆಯನ್ನು ಕೈಯಲ್ಲಿ ಹಿಡಿದು ನೋಡಿದವನು ಅದನ್ನು ವಾಪಸು ಕೊಟ್ಟ. "ಅದೇ ಅಲ್ವಾ ಇದು?" ಎಂದ. ಅಣ್ಣನಿಗೆ ಸಹನೆ ಮೀರಿತ್ತು. ತಮ್ಮ ನಾಟಕ ಮಾಡುತ್ತಿದ್ದಾನೆ ಎಂದೇ ಮೊದಲಿನಿಂದಲೂ ಅವರು ಭಾವಿಸಿದ್ದರು, ಈಗ ಊಟದಲ್ಲಿ ಬೆರೆಸಿ ಕೊಟ್ಟುಬಿಡಿ ಎಂದು ಕೇಳಿಕೊಂಡರು. ನರ್ಸ್ ಒಪ್ಪಲಿಲ್ಲ. ಅದು ರೋಗಿಯ ಹಕ್ಕಿನ ಉಲ್ಲಂಘನೆ ಎಂಬುದು ಒಂದು ಕಾರಣ. ಈಗಾಗಲೇ ನೆರೆಯವರ ಬಗ್ಗೆ ಸಂಶಯದಲ್ಲಿರುವವನಿಗೆ ಊಟದ ತಟ್ಟೆಯ ಮೇಲೂ ಸಂಶಯ ಹುಟ್ಟಿದರೆ, ಅದು ಭ್ರಮೆಯಾಗಿ ಉಳಿಯದೆ ನಿಜವೇ ಆಗಿಬಿಡುತ್ತದೆ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಅವರು ರೋಗಿಗೆ, "ಹೌದು, ಅದೇ ಔಷಧ, ಒಂದು ಸಲದ ಪ್ರಮಾಣ ಮಾತ್ರ ಅರ್ಧಕ್ಕಿಳಿದಿದೆ. ನಿಮ್ಮ ಕಾಲಿನ ಸಂಕಟ ಅದರಿಂದಲೇ ಬಂದದ್ದು, ನಿಮ್ಮ ಕಲ್ಪನೆಯಲ್ಲ. ಬೇಡ ಅನ್ನಿಸಿದರೆ ಈಗ ಬಿಡಿ, ಬೆಳಿಗ್ಗೆ ಡಾಕ್ಟರ್ ಜೊತೆ ಕೂತು ಬೇರೆ ದಾರಿ ಕೇಳೋಣ," ಎಂದು ಹೇಳಿ, ನಿರಾಕರಣೆಯನ್ನು ದಾಖಲಿಸಿ, ವೈದ್ಯರಿಗೆ ತಿಳಿಸಿದರು. ಅಪಾಯ ತಕ್ಷಣದ್ದಲ್ಲದಿರುವಾಗ ಒಂದು ಗುಳಿಗೆ ತಪ್ಪಿದ್ದರಿಂದ ಆಗುವ ನಷ್ಟಕ್ಕಿಂತ, ಬಲವಂತದಿಂದ ಮುರಿಯುವ ವಿಶ್ವಾಸದ ನಷ್ಟ ದೊಡ್ಡದು ಎಂಬ ಅವರ ಲೆಕ್ಕವನ್ನು ನಾನು ಸರಿಯೆಂದೇ ಎಣಿಸುತ್ತೇನೆ.

ಮರುದಿನದ ಮಾತುಕತೆಯಲ್ಲಿ ಹ್ಯಾಲೊಪೆರಿಡಾಲ್ ನಿಲ್ಲಿಸಿ, ಅಕಥೀಸಿಯಾದ ಸಂಭವ ಕಡಿಮೆ ಇರುವ ಕ್ವೆಟಿಯಾಪಿನ್ ಅನ್ನು ಸಣ್ಣ ಪ್ರಮಾಣದಿಂದ ಆರಂಭಿಸುವುದೆಂದು ತೀರ್ಮಾನವಾಯಿತು. ಹೊಸ ತಲೆಮಾರಿನ ಔಷಧಗಳಿಂದ ಅಕಥೀಸಿಯಾ ಬರುವುದೇ ಇಲ್ಲ ಎಂಬ ತಿಳಿವಳಿಕೆ ಸರಿಯಲ್ಲ, ಅರಿಪಿಪ್ರಜೋಲ್‌ನಲ್ಲಿ ಇದು ಸಾಕಷ್ಟು ಸಾಮಾನ್ಯ. ಮನೋರೋಗದ ವಾರ್ಡಿನ ಹೊರಗೂ ಇದು ಕಾಣಸಿಗುತ್ತದೆ, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಪಡೆದ ರೋಗಿ ಡ್ರಿಪ್ ಕಿತ್ತುಕೊಂಡು ಎದ್ದು ಹೊರಟರೆ ಅದನ್ನು ಮೊಂಡುತನವೆಂದು ಬರೆಯುವ ಮುನ್ನ ಔಷಧದ ಪಟ್ಟಿಯನ್ನೊಮ್ಮೆ ನೋಡಬೇಕು.

ಬದಲಾವಣೆಯ ನಂತರ ಒಂದು ದಿನ ಬೆಳಿಗ್ಗೆ ಮಲಗಿದ್ದಾಗ 118 ಇದ್ದ ಸಿಸ್ಟೋಲಿಕ್ (ಮೇಲಿನ ಅಂಕಿಯ) ಒತ್ತಡ ಎದ್ದು ನಿಂತ ಮೂರು ನಿಮಿಷದೊಳಗೆ 96ಕ್ಕೆ ಇಳಿಯಿತು, ತಲೆ ತಿರುಗಿತು. ಕ್ವೆಟಿಯಾಪಿನ್ ಮತ್ತು ಪ್ರೊಪ್ರನೊಲಾಲ್ ಎರಡೂ ಒತ್ತಡವನ್ನು ಇಳಿಸಬಲ್ಲವು. ಸಿಸ್ಟೋಲಿಕ್‌ನಲ್ಲಿ 20 ಅಥವಾ ಕೆಳಗಿನ ಅಂಕಿಯಾದ ಡಯಾಸ್ಟೋಲಿಕ್‌ನಲ್ಲಿ 10ರಷ್ಟು ಕುಸಿತವಾದರೆ ಅದು ಭಂಗಿ ಬದಲಾದಾಗಿನ ರಕ್ತದೊತ್ತಡ ಕುಸಿತ. ನರ್ಸ್ ಬೆಳಗಿನ ಪ್ರೊಪ್ರನೊಲಾಲ್ ಅನ್ನು ತಡೆಹಿಡಿದು ವೈದ್ಯರಿಗೆ ತಿಳಿಸಿದರು, ಪ್ರಮಾಣ ಬದಲಾಯಿತು. ಮಲಗಿದಾಗಿನ ಒತ್ತಡವನ್ನು ಮಾತ್ರ ಬರೆಯುವ ರೂಢಿ ಇದ್ದಿದ್ದರೆ ಇದು ಗೊತ್ತಾಗುತ್ತಿದ್ದುದು ಅವನು ಬಿದ್ದ ಮೇಲೆ.

ಪರಿಣಾಮ, ಮತ್ತು ಪರೀಕ್ಷೆಯ ದೃಷ್ಟಿಯಿಂದ ಕೆಲವು ಮಾತು

ಮೂರನೆಯ ವಾರದಲ್ಲಿ ಅವನು ಮನೆಗೆ ಹೋದ. ದನಿಗಳು ಪೂರ್ತಿ ನಿಂತಿರಲಿಲ್ಲ, ಆದರೆ ಅವುಗಳಿಗೆ ಉತ್ತರಿಸುವುದು ನಿಂತಿತ್ತು. ಚಡಪಡಿಕೆ ಅಳಿದಿತ್ತು. ಪ್ರೊಪ್ರನೊಲಾಲ್ ಅನ್ನು ಹಠಾತ್ತನೆ ನಿಲ್ಲಿಸದೆ ಮರುಭೇಟಿಗಳಲ್ಲಿ ಹಂತಹಂತವಾಗಿ ತೆಗೆಯಲಾಯಿತು. ಬಿಡುಗಡೆಯ ಹಾಳೆಯಲ್ಲಿ ಹ್ಯಾಲೊಪೆರಿಡಾಲ್ ಎದುರು ಅಲರ್ಜಿ ಎಂದು ಬರೆಯಹೊರಟದ್ದನ್ನು ನರ್ಸ್ ತಡೆದು, ಪ್ರತಿಕೂಲ ಪರಿಣಾಮ ಎಂಬ ಅಂಕಣದಲ್ಲಿ ಅಕಥೀಸಿಯಾ ಎಂದು, ಪ್ರಮಾಣ ಮತ್ತು ದಿನದ ಸಹಿತ ಬರೆಸಿದರು. ಅಲರ್ಜಿಯೆಂದಷ್ಟೇ ಬರೆದಿದ್ದರೆ ಮುಂದೆ ನೋಡುವ ವೈದ್ಯರಿಗೆ ಚರ್ಮದ ದದ್ದು ನೆನಪಾಗುತ್ತಿತ್ತೇ ಹೊರತು, ಇನ್ನೊಂದು ಪ್ರಬಲ ಆಂಟಿಸೈಕಾಟಿಕ್ ಬಗ್ಗೆ ಎಚ್ಚರ ಮೂಡುತ್ತಿರಲಿಲ್ಲ. ಅಣ್ಣನೊಂದಿಗೆ ನರ್ಸ್ ಎರಡು ಸಲ ಕುಳಿತು ಮಾತನಾಡಿದರು. ಎರಡನೆಯ ಸಲ ಅಣ್ಣ ಕೇಳಿದ್ದು ತಮ್ಮನ ಬಗ್ಗೆ ಅಲ್ಲ, ಇದು ಮತ್ತೆ ಬಂದರೆ ತಮಗೆ ಗೊತ್ತಾಗುವುದು ಹೇಗೆ ಎಂದು.

ಮೂರು ಚುಚ್ಚುಮದ್ದುಗಳನ್ನೂ ಪ್ರೊಮೆಥಾಜಿನ್ ಇಲ್ಲದೆ ಕೊಟ್ಟದ್ದರ ಬಗ್ಗೆ ಒಂದು ಮಾತು. ರಿಯೊ ಡಿ ಜನೈರೊದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಯಾದೃಚ್ಛಿಕ ಪ್ರಯೋಗವೊಂದರಲ್ಲಿ, ಉದ್ರಿಕ್ತ ರೋಗಿಗಳಿಗೆ ಹ್ಯಾಲೊಪೆರಿಡಾಲ್ ಅನ್ನು ಒಂಟಿಯಾಗಿ ಕೊಟ್ಟಾಗ ತೀವ್ರ ಡಿಸ್ಟೋನಿಯಾ ಕಂಡುಬಂದರೆ, ಪ್ರೊಮೆಥಾಜಿನ್ ಜೊತೆ ಸೇರಿಸಿ ಕೊಟ್ಟವರು ಹೆಚ್ಚು ಬೇಗ ಶಾಂತರಾದರು, ಅವರಲ್ಲಿ ಈ ತೊಂದರೆಯೂ ಕಾಣಲಿಲ್ಲ. ನಮ್ಮ ರೋಗಿಗೆ ಡಿಸ್ಟೋನಿಯಾ ಬರಲಿಲ್ಲ ಎಂಬುದು ಅದೃಷ್ಟವೇ ಹೊರತು ಎಚ್ಚರಿಕೆಯ ಫಲವಲ್ಲ.

ಈಗ ಆರಂಭದ ಪ್ರಶ್ನೆಯ ಉತ್ತರದ ಆಯ್ಕೆಗಳನ್ನು ನೋಡಬಹುದು. ಚುಚ್ಚುಮದ್ದು ಕೊಡುವುದು, ಏಕಾಂತ ಕೋಣೆಗೆ ಒಯ್ಯುವುದು, ಗುಂಪು ಚಟುವಟಿಕೆಗೆ ಪ್ರೋತ್ಸಾಹಿಸುವುದು, ಚಡಪಡಿಕೆಯ ಸ್ವರೂಪವನ್ನು ಪರಿಶೀಲಿಸುವುದು. ಮೊದಲು ಪರಿಶೀಲನೆ, ನಂತರ ಕ್ರಮ ಎಂಬ ಸೂತ್ರ ಇಲ್ಲಿ ಸರಿಯಾದ ಉತ್ತರವನ್ನೇ ಕೊಡುತ್ತದೆ, ಆದರೆ ಅದನ್ನು ಕಣ್ಣುಮುಚ್ಚಿ ಎಲ್ಲ ಪ್ರಶ್ನೆಗೂ ಹಚ್ಚಬಾರದು. ಅದೇ ರೋಗಿಯ ಗಂಟಲಿನಿಂದ ಕರ್ಕಶ ಉಸಿರು ಕೇಳಿಸುತ್ತಿದ್ದು, ಕುತ್ತಿಗೆ ತಿರುಚಿದೆ ಎಂದು ಪ್ರಶ್ನೆಯಲ್ಲಿ ಹೇಳಿದ್ದರೆ ಪರಿಶೀಲನೆ ಆಗಲೇ ಮುಗಿದಿದೆ ಎಂದರ್ಥ. ಆಗ ಶ್ವಾಸಮಾರ್ಗದ ರಕ್ಷಣೆ, ಆದೇಶದಂತೆ ಆಂಟಿಕೋಲಿನರ್ಜಿಕ್ ಚುಚ್ಚುಮದ್ದು, ತುರ್ತು ನೆರವು ಇವೇ ಉತ್ತರ. 39 ಡಿಗ್ರಿ ಜ್ವರ ಮತ್ತು ಬಿಗಿತವೆಂದಿದ್ದರೆ ಔಷಧವನ್ನು ತಡೆಹಿಡಿದು ವೈದ್ಯರಿಗೆ ತಿಳಿಸುವುದು ಮೊದಲು. ಪ್ರಶ್ನೆ ಕೊಟ್ಟಿರುವ ಮಾಹಿತಿ ಕ್ರಮಕ್ಕೆ ಸಾಕಾಗುತ್ತದೆಯೇ ಎಂದು ನೋಡುವುದೇ ಇಲ್ಲಿನ ಕೌಶಲ.

ಆ ವಾರ್ಡಿನಲ್ಲಿ ಈ ಪ್ರಕರಣದ ನಂತರ ಎರಡು ಬದಲಾವಣೆಗಳಾದವು. ಪಿ.ಆರ್.ಎನ್. ಆದೇಶದಲ್ಲಿ ಗುರಿಯಾದ ಲಕ್ಷಣ, ಕನಿಷ್ಠ ಅಂತರ ಮತ್ತು 24 ತಾಸಿನ ಗರಿಷ್ಠ ಪ್ರಮಾಣ ಇಲ್ಲದಿದ್ದರೆ ನರ್ಸ್ ಅದನ್ನು ಸ್ವೀಕರಿಸದೆ ಬರೆದವರಿಗೆ ಹಿಂದಿರುಗಿಸುತ್ತಾರೆ. ಇನ್ನೊಂದು ಬದಲಾವಣೆ ನೋಟ್ಸ್‌ಗೆ ಸಂಬಂಧಿಸಿದ್ದು. 'ರೋಗಿ ಅಶಾಂತ' ಎಂದು ಬರೆಯುತ್ತಿದ್ದ ಜಾಗದಲ್ಲಿ ಈಗ ಇಂತಹ ದಾಖಲೆ ಇರುತ್ತದೆ: 'ಸಂಜೆ 5.30. ಎರಡು ನಿಮಿಷ ಕೂರಲು ಹೇಳಿದಾಗ 40 ಸೆಕೆಂಡಿಗೆ ಎದ್ದರು. ನಿಂತಲ್ಲೇ ಕಾಲು ಬದಲಿಸುತ್ತಿದ್ದಾರೆ. ದನಿಗಳು ನಿನ್ನೆಗಿಂತ ಕಡಿಮೆ ಎನ್ನುತ್ತಾರೆ. ಕೊನೆಯ ಡೋಸ್ ಬೆಳಿಗ್ಗೆ 8ಕ್ಕೆ. ತಾಪಮಾನ 36.9. ಪಿ.ಆರ್.ಎನ್. ಕೊಟ್ಟಿಲ್ಲ, 5.40ಕ್ಕೆ ವೈದ್ಯರಿಗೆ ತಿಳಿಸಲಾಗಿದೆ.'